ಬೀಸುವ ಕಲ್ಲು ಸುಮ್ಮನಾದ ಮೇಲೆ

ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರುಗಳಲ್ಲಿ ಯಾವ ಆಸ್ಪತ್ರೆಯ ಮುಂದೆ ನಿಂತರೂ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಹಳ್ಳಿಯ ಬಸ್ಸಿನಿಂದ ಇಳಿದು ಬಂದ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ಒರಗಿ ಕುಳಿತಿರುತ್ತಾರೆ, ಗಂಡಸರು ಚೀಟಿ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ, ಸರದಿ ಬಂದಾಗ ಜ್ವರ ಕೆಮ್ಮುಗಳ ಜೊತೆಗೆ ಬೇರೊಂದು ಬಗೆಯ ದೂರುಗಳೂ ಕೇಳಿಬರುತ್ತವೆ: ತಲೆ ಭಾರ, ಎದೆಯಲ್ಲಿ ಸಂಕಟ, ಕೈಕಾಲು ಜೋಮು, ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಜೀವಕ್ಕೆ ಸಮಾಧಾನವಿಲ್ಲ. ರಕ್ತಪರೀಕ್ಷೆಯಲ್ಲಿಯೂ ಇಸಿಜಿಯಲ್ಲಿಯೂ ಏನೂ ಕಾಣುವುದಿಲ್ಲ. ಒಂದು ಸಲಾಯಿನ್ ಹಚ್ಚಿಸಿಕೊಂಡು, ಶಕ್ತಿಯ ಗುಳಿಗೆ ಬರೆಸಿಕೊಂಡು ಹೋದವರು ಹದಿನೈದು ದಿನಕ್ಕೆ ಅದೇ ದೂರು ಹೊತ್ತು ಮತ್ತೆ ಬರುತ್ತಾರೆ.

ಮನೋಚಿಕಿತ್ಸೆ ಎಂದರೆ ಕ್ರಮಬದ್ಧವಾದ ಮಾತುಕತೆಯ ಮೂಲಕ ಮನಸ್ಸಿನ ನೋವನ್ನು ಹಗುರಗೊಳಿಸುವ ವಿದ್ಯೆ. ಅದನ್ನು ಬಲ್ಲವರು ಇಂಥ ದೂರನ್ನು ಪೂರ್ತಿ ಕೇಳಿಸಿಕೊಂಡ ಮೇಲೆ, ನೋವು ಎಲ್ಲಿದೆ ಎಂದು ಮತ್ತೆ ಕೆದಕುವುದನ್ನು ಬಿಟ್ಟು, ಮನೆಯಲ್ಲಿ ಯಾರಾರು ಇದ್ದಾರೆ ಎಂದು ವಿಚಾರಿಸುತ್ತಾರೆ. ವಿಜಯಪುರ ಜಿಲ್ಲೆಯ ಈ ಭಾಗದಲ್ಲಿ ಮನಸ್ಸಿನ ಸಂಕಟ ಬಹುಮಟ್ಟಿಗೆ ಗಂಡ ಹೆಂಡತಿ, ಅತ್ತೆ ಸೊಸೆ, ಅಣ್ಣ ತಮ್ಮಂದಿರ ನಡುವೆ ಹುಟ್ಟಿ ಬೆಳೆಯುವಂಥದ್ದಾದ್ದರಿಂದ, ಅದರ ಪರಿಹಾರವನ್ನೂ ಆ ಸಂಬಂಧಗಳ ನಡುವೆಯೇ ಹುಡುಕಬೇಕಾಗುತ್ತದೆ.

ಮೈ ಆಡುವ ಮಾತು

ಹೊಲದಲ್ಲಿ ಹಾವು ಕಂಡೊಡನೆ ಎದೆ ಬಡಿದುಕೊಳ್ಳುವುದು, ಉಸಿರು ಮೇಲೇರುವುದು, ಮೈಯೆಲ್ಲ ಬಿಗಿಯಾಗುವುದು ಜೀವ ಉಳಿಸಿಕೊಳ್ಳಲು ದೇಹ ಮಾಡಿಕೊಂಡಿರುವ ಏರ್ಪಾಡು. ಹಾವು ಸರಿದುಹೋದ ಕೆಲಹೊತ್ತಿನಲ್ಲಿ ಅದೆಲ್ಲ ತಣ್ಣಗಾಗುತ್ತದೆ. ಆದರೆ ಸಾಲದ ಕಂತು, ಮಾತು ಬಿಟ್ಟಿರುವ ಗಂಡ, ಮದುವೆಯಾಗಿ ಮೂರು ವರ್ಷವಾದರೂ ಮಡಿಲು ತುಂಬಲಿಲ್ಲವೆಂಬ ಚುಚ್ಚುಮಾತು, ಇವು ಹಾವಿನಂತೆ ಸರಿದುಹೋಗುವುದಿಲ್ಲ. ಆದ್ದರಿಂದ ದೇಹವು ತಿಂಗಳುಗಟ್ಟಲೆ ಅದೇ ಬಿಗಿಯಲ್ಲಿ ಉಳಿದು, ತಲೆನೋವು, ಹೊಟ್ಟೆಯುರಿ, ಬೆನ್ನುನೋವು, ನಿದ್ರೆಗೇಡುಗಳಾಗಿ ತನ್ನ ದಣಿವನ್ನು ತೋಡಿಕೊಳ್ಳುತ್ತದೆ. ಆ ನೋವು ನಿಜವಾದ ನೋವೇ ಆಗಿರುವುದರಿಂದ, ಏನೂ ಆಗಿಲ್ಲ, ಎಲ್ಲ ಮನಸ್ಸಿನ ಭ್ರಮೆ ಎಂದು ಹೇಳಿ ಕಳುಹಿಸುವುದು ರೋಗಿಗೆ ಮಾಡುವ ಅನ್ಯಾಯ.

ಈ ಭಾಗದ ಆಡುಮಾತಿನಲ್ಲಿ ಬ್ಯಾಸರ ಎಂಬ ಒಂದೇ ಪದ ದಣಿವು, ಬೇಜಾರು, ದುಃಖ, ಬದುಕೇ ಬೇಡವೆನ್ನಿಸುವ ಹತಾಶೆ, ಎಲ್ಲವನ್ನೂ ಹೊತ್ತುಕೊಂಡಿದೆ. ಯಾರಾದರೂ ಬ್ಯಾಸರ ಆಗ್ಯಾದ ಎಂದಾಗ ಅದು ಇವುಗಳಲ್ಲಿ ಯಾವುದು ಎಂದು ಬಿಡಿಸಿ ನೋಡುವುದು ಚಿಕಿತ್ಸಕರ ಮೊದಲ ಕೆಲಸ. ದುಃಖ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿದ್ದು ಅಥವಾ ಯಾವುದರಲ್ಲಿಯೂ ಆಸಕ್ತಿ ಇಲ್ಲವಾಗಿದ್ದು, ಅದರೊಡನೆ ನಿದ್ದೆ, ಹಸಿವು, ಗಮನ ಕೆಟ್ಟು, ತಾನು ಯಾತಕ್ಕೂ ಬಾರದವಳು ಅಥವಾ ಬಾರದವನು ಎಂಬ ಭಾವ ಬೇರೂರಿದ್ದರೆ ಅದನ್ನು ಖಿನ್ನತೆ ಎಂಬ ಕಾಯಿಲೆಯಾಗಿ ಪರಿಗಣಿಸಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇರುವುದು ಕಂಡುಬಂದಿತು. ಚಿಕಿತ್ಸೆಯಿಂದ ಹೊರಗುಳಿದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರವರೆಗೆ ಇತ್ತು.

ಹಲಸಂಗಿಯವರು ಕೇಳಿಸಿಕೊಂಡದ್ದು

ಮನಸ್ಸಿನ ಸಂಕಟವನ್ನು ಹೊರಹಾಕುವ ದಾರಿ ಈ ನೆಲಕ್ಕೆ ಹೊಸದಲ್ಲ. ಅಂದಿನ ಇಂಡಿ ತಾಲ್ಲೂಕಿಗೆ ಸೇರಿದ್ದ, ಈಗ ಚಡಚಣ ತಾಲ್ಲೂಕಿನಲ್ಲಿರುವ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿ ಹಳ್ಳಿಯ ಹೆಂಗಸರ ಹಾಡುಗಳನ್ನು ಕೇಳಿ, ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಜಾನಪದ ಸಾಹಿತ್ಯದ ಮೈಲಿಗಲ್ಲೆಂದು ಆ ಪುಸ್ತಕವನ್ನು ಎಲ್ಲರೂ ಬಲ್ಲರು. ಮನಸ್ಸಿನ ಆರೋಗ್ಯದ ಕಡೆಯಿಂದ ನೋಡಿದರೆ ಅದಕ್ಕೆ ಇನ್ನೊಂದು ಬೆಲೆಯೂ ಇದೆ: ತವರಿನ ಹಂಬಲ, ಅಣ್ಣನ ದಾರಿ ಕಾಯುವುದು, ಅತ್ತೆಮನೆಯ ಬಿರುನುಡಿ, ಮಕ್ಕಳಿಲ್ಲದ ನೋವು, ಇವೆಲ್ಲವನ್ನೂ ಹೆಣ್ಣುಮಕ್ಕಳು ಯಾರೆದುರು, ಯಾವ ಹೊತ್ತಿನಲ್ಲಿ, ಯಾವ ರೂಪದಲ್ಲಿ ಹೇಳಿಕೊಳ್ಳುತ್ತಿದ್ದರೆಂಬುದನ್ನು ಅದು ದಾಖಲಿಸಿದೆ.

ನಸುಕಿನಲ್ಲಿ, ಮನೆಯ ಗಂಡಸರು ಏಳುವ ಮೊದಲು, ಇಬ್ಬರು ಹೆಂಗಸರು ಬೀಸುವ ಕಲ್ಲಿನ ಎರಡು ಕಡೆ ಕುಳಿತು ಒಂದೇ ಗೂಟ ಹಿಡಿದು ಜೋಳ ಬೀಸುತ್ತ ತ್ರಿಪದಿಯನ್ನು ಹಾಡುತ್ತಿದ್ದರು. ಮೂರು ಸಾಲಿನ ಆ ಹಾಡು ಬಾಯಿಂದ ಬಾಯಿಗೆ ಬಂದದ್ದಾದ್ದರಿಂದ ಅದರಲ್ಲಿ ಹೇಳಿದ ಅತ್ತೆ ಯಾರ ಅತ್ತೆಯೂ ಆಗಿರಬಹುದಿತ್ತು. ಒಳಗಿನ ಕೋಣೆಯಲ್ಲಿ ಅತ್ತೆ ಎಚ್ಚರವಾಗಿದ್ದು ಕೇಳಿಸಿಕೊಂಡರೂ ಸೊಸೆಯನ್ನು ಹಿಡಿದು ಕೇಳುವಂತಿರಲಿಲ್ಲ. ನೋವಿಗೆ ಮಾತು ಸಿಗುತ್ತಿತ್ತು, ಎದುರಿಗೆ ಕುಳಿತವಳು ದನಿಗೂಡಿಸುತ್ತಿದ್ದಳು, ಮನೆಯ ಶಾಂತಿ ಕದಡುತ್ತಿರಲಿಲ್ಲ. ಇಂದಿನ ಚಿಕಿತ್ಸಕರು ಹಣ, ತರಬೇತಿ, ಕೋಣೆ ಎಲ್ಲವನ್ನೂ ಇಟ್ಟುಕೊಂಡು ಕಟ್ಟಲು ಹೆಣಗುವ ಸುರಕ್ಷಿತ ಸನ್ನಿವೇಶವನ್ನು ಆ ಹೆಂಗಸರು ಒಂದು ಕಲ್ಲಿನ ಸುತ್ತ ಕಟ್ಟಿಕೊಂಡಿದ್ದರೆಂಬುದು ಗೌರವದಿಂದ ನೆನೆಯಬೇಕಾದ ಸಂಗತಿ.

ಗಿರಣಿ ಬಂದು ರಟ್ಟೆಯ ನೋವನ್ನು ಕಳೆಯಿತು. ಕಲ್ಲಿನ ಎದುರು ಕುಳಿತ ಇನ್ನೊಬ್ಬಳ ಜಾಗ ಮಾತ್ರ ಖಾಲಿ ಉಳಿಯಿತು. ಹಳೆಯದನ್ನು ಹೊಗಳಿ ಮರಳಿ ಕರೆಯಬೇಕೆಂದು ಇದರ ಅರ್ಥವಲ್ಲ, ಏಕೆಂದರೆ ಹಾಡು ನೋವನ್ನು ಹೇಳಿತೇ ಹೊರತು ಹೊಡೆತವನ್ನು ತಡೆಯಲಿಲ್ಲ, ಮರುದಿನದ ಬೈಗುಳವನ್ನು ತಪ್ಪಿಸಲಿಲ್ಲ.

ಅತ್ತೆಯೂ ಅವಳೇ, ಅಜ್ಜಿಯೂ ಅವಳೇ

ಪಾಶ್ಚಾತ್ಯ ದೇಶಗಳಲ್ಲಿ ಬೆಳೆದ ಮನೋಚಿಕಿತ್ಸೆ ಬಹುಪಾಲು ಒಬ್ಬ ವ್ಯಕ್ತಿಯನ್ನು ಒಂದು ಕೋಣೆಯಲ್ಲಿ ಕೂರಿಸಿಕೊಂಡು ನಡೆಯುವಂಥದ್ದು. ಭಾರತದಲ್ಲಿ ಅದು ಬೇಗನೆ ಕುಟುಂಬದ ಕಡೆಗೆ ತಿರುಗಿತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ ಅವರು ಆವರಣದಲ್ಲಿಯೇ ಡೇರೆಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನು ಅವರ ಜೊತೆ ಇರಿಸಿಕೊಂಡು, ಮನೆಯವರಿಗೂ ಕಾಯಿಲೆಯ ಬಗ್ಗೆ ತಿಳಿಹೇಳುತ್ತ ಚಿಕಿತ್ಸೆ ನಡೆಸಿದರು. ಮುಂದೆ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆ ಒಂದು ಪ್ರತ್ಯೇಕ ವಿಭಾಗವಾಗಿಯೇ ಬೆಳೆಯಿತು.

ಈ ನಾಲ್ಕು ತಾಲ್ಲೂಕುಗಳಲ್ಲಿ ಕುಟುಂಬ ಎಂಬುದಕ್ಕೆ ಇನ್ನೂ ಒಂದು ಬಿಗಿಯಾದ ಗಂಟು ಇದೆ. ಸೋದರಮಾವನಿಗೆ ಅಕ್ಕನ ಮಗಳನ್ನು, ಅತ್ತೆಯ ಮಗನಿಗೆ ಮಾವನ ಮಗಳನ್ನು ಕೊಡುವ ಸೋದರಿಕೆಯ ಮದುವೆ ಇಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹೆಣ್ಣು ಪರಿಚಯದ ಮನೆಗೆ ಹೋಗುತ್ತಾಳೆ, ಆಸ್ತಿ ಒಡೆಯುವುದಿಲ್ಲ ಎಂಬ ಸಮಾಧಾನ ಅದರ ಹಿಂದಿದೆ. ಆದರೆ ಗಂಡನೊಡನೆ ವಿರಸ ಬಂದಾಗ ಅದೇ ಬಂಧ ಬಿಗಿಯಾಗುತ್ತದೆ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಟ್ಟ ಮನೆಯಲ್ಲಿ ಅವಳ ಅತ್ತೆಯೇ ಅವಳ ಅಜ್ಜಿ. ಅತ್ತೆಯ ಮೇಲಿನ ದೂರನ್ನು ತಾಯಿಗೆ ಹೇಳಿದರೆ ತಾಯಿಯ ತಾಯಿಯನ್ನೇ ದೂರಿದಂತಾಗುತ್ತದೆ, ಗಂಡನ ಮೇಲಿನ ದೂರು ತಾಯಿಯ ಒಡಹುಟ್ಟಿದವನ ಮೇಲಿನ ದೂರಾಗುತ್ತದೆ. ತವರು ಎಂಬ ಆಸರೆಯ ಜಾಗವೇ ಎದುರು ಪಕ್ಷಕ್ಕೆ ಸೇರಿಬಿಡುವುದರಿಂದ ಆ ಹೆಣ್ಣುಮಗಳಿಗೆ ಹೇಳಿಕೊಳ್ಳಲು ಯಾರೂ ಉಳಿಯುವುದಿಲ್ಲ, ಮತ್ತು ಹೇಳದೆ ಉಳಿದ ಮಾತು ಎದೆಯ ಸಂಕಟವಾಗಿ ಆಸ್ಪತ್ರೆಯ ಸಾಲಿಗೆ ಬಂದು ಕೂರುತ್ತದೆ.

ಕುಟುಂಬ ಚಿಕಿತ್ಸೆಯ ಆದ್ಯರಲ್ಲಿ ಒಬ್ಬರಾದ ಅಮೆರಿಕದ ಮನೋವೈದ್ಯ ಮರ್ರಿ ಬೋವೆನ್ ಅವರು ‘ತ್ರಿಕೋನ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಇಬ್ಬರ ನಡುವಿನ ಬಿಗುವು ತಾಳಲಾರದಷ್ಟಾದಾಗ ಅವರು ಮೂರನೆಯವರನ್ನು ಒಳಗೆ ಎಳೆದುಕೊಳ್ಳುತ್ತಾರೆ, ಆಗ ಬಿಗುವು ತಾತ್ಕಾಲಿಕವಾಗಿ ತಗ್ಗಿದರೂ ಮೂಲದ ಜಗಳ ಬಗೆಹರಿಯದೆ ಉಳಿಯುತ್ತದೆ ಎಂಬುದು ಅದರ ಸಾರ. ಗಂಡ ಹೆಂಡತಿ ನೇರವಾಗಿ ಆಡದ ಮಾತನ್ನು ಹತ್ತು ವರ್ಷದ ಮಗಳ ಬಾಯಿಂದ ಆಡಿಸುವುದು, ತಾಯಿಗೂ ಹೆಂಡತಿಗೂ ನಡುವೆ ಸಿಕ್ಕ ಗಂಡ ಇಬ್ಬರಿಗೂ ಹೂಂಗುಟ್ಟಿ ಹೊರಗೆ ಕುಡಿಯಲು ಕೂರುವುದು, ಇವೆರಡೂ ಈ ಬಗೆಯ ತ್ರಿಕೋನಗಳೇ. ತಪ್ಪು ಯಾರದೆಂದು ತೀರ್ಪು ಕೊಡುವುದು ಊರ ಹಿರಿಯರ ಪಂಚಾಯ್ತಿಯ ಕೆಲಸ. ಚಿಕಿತ್ಸಕರು ಆ ಗೋಜಿಗೆ ಹೋಗದೆ, ಮೂರನೆಯವರನ್ನು ಮೆಲ್ಲಗೆ ಹೊರಗೆ ತಂದು, ಆಡಬೇಕಾದ ಇಬ್ಬರನ್ನು ಎದುರುಬದುರು ಕೂರಿಸಲು ನೋಡುತ್ತಾರೆ.

ದುಡಿಯಲು ಹೋದವರು, ಮುಳುಗಿದ ಊರುಗಳು

ಮಳೆಯನ್ನೇ ನಂಬಿದ ಹೊಲಗಳು ಕೈಕೊಟ್ಟ ವರ್ಷ ಇಲ್ಲಿನ ಜನ ಪುಣೆ, ಮುಂಬೈ, ಗೋವಾಗಳಿಗೆ ದುಡಿಯಲು ಹೋಗುತ್ತಾರೆ. ಗಂಡ ದೂರದಲ್ಲಿದ್ದು ಹೆಂಡತಿ ಅತ್ತೆಮಾವಂದಿರೊಡನೆ ಉಳಿದ ಮನೆಯಲ್ಲಿ ದಾಂಪತ್ಯ ಮೊಬೈಲಿನ ಮೇಲೆ ನಡೆಯುತ್ತದೆ. ಕರೆ ಸ್ವೀಕರಿಸದಿದ್ದರೆ ಸಂಶಯ, ಸ್ವೀಕರಿಸಿದರೆ ಹಣದ ಲೆಕ್ಕ. ಜಾತ್ರೆಗೆ ನಾಲ್ಕು ದಿನ ಬಂದ ಗಂಡ ಅತಿಥಿಯಂತೆ ಬಂದು ಹೋಗುವಾಗ ವರ್ಷವಿಡೀ ಕೂಡಿಟ್ಟ ಮಾತು ಜಗಳವಾಗಿ ಸಿಡಿಯುವುದು ಅಚ್ಚರಿಯಲ್ಲ. ಇಂಥ ದಂಪತಿಗಳಿಗೆ ಚಿಕಿತ್ಸಕರು ಸೂಚಿಸುವ ಉಪಾಯ ಸರಳ: ದಿನದ ಕರೆಗಳಲ್ಲಿ ಒಂದರಲ್ಲಿ ಹಣ, ಸಾಲ, ಮನೆಯ ದೂರುಗಳನ್ನು ಎತ್ತದೆ, ಆ ದಿನ ಹೇಗೆ ಕಳೆಯಿತೆಂದು ಮಾತ್ರ ಪರಸ್ಪರ ಹೇಳಿಕೊಳ್ಳುವುದು.

ಕೃಷ್ಣೆಯ ದಂಡೆಯ ಕಡೆಗೆ ಬಂದರೆ ಬೇರೊಂದು ನೋವು ಎದುರಾಗುತ್ತದೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟು ಮತ್ತು ಅದರ ಕೆಳಗಿನ ನಾರಾಯಣಪುರ ಜಲಾಶಯ ಹೊಲಗಳಿಗೆ ನೀರು ತಂದವು, ಜೊತೆಗೆ ನದಿಯ ದಂಡೆಯ ಅನೇಕ ಊರುಗಳನ್ನು ಎಬ್ಬಿಸಿ ಪುನರ್ವಸತಿ ಕೇಂದ್ರಗಳಿಗೆ ಕಳುಹಿಸಿದವು. ಪರಿಹಾರದ ಹಣ ಮನೆಯ ಲೆಕ್ಕಕ್ಕೆ ಬಂತು; ಗುಡಿಯ ಕಟ್ಟೆ, ಬೇವಿನ ಮರ, ಮೂರು ತಲೆಮಾರಿನ ನೆರೆಯವರು ಯಾವ ಲೆಕ್ಕಕ್ಕೂ ಬರಲಿಲ್ಲ. ವ್ಯಕ್ತಿ ಸತ್ತಾಗ ಮೂರನೆಯ ದಿನ, ಹನ್ನೊಂದನೆಯ ದಿನವೆಂದು ಅಳಲು ಅವಕಾಶವಿರುತ್ತದೆ, ಊರು ಸತ್ತಾಗ ಅಂಥ ವಿಧಿ ಇಲ್ಲ. ವಿಧಿಯಿಲ್ಲದ ಶೋಕ ಬಹಳ ಕಾಲ ಉಳಿಯುತ್ತದೆಂದೂ, ಪರಿಹಾರದ ಹಣಕ್ಕಾಗಿ ಅಣ್ಣತಮ್ಮಂದಿರು ನಡೆಸುವ ಜಗಳದ ತಳದಲ್ಲಿಯೂ ಹಲವು ವೇಳೆ ಅದೇ ಇರುತ್ತದೆಂದೂ ಚಿಕಿತ್ಸಕರು ಗುರುತಿಸುತ್ತಾರೆ.

ಬುದ್ಧಿ ಹೇಳುವುದು, ಕೇಳಿಸಿಕೊಳ್ಳುವುದು

ನೊಂದವರಿಗೆ ನಾಲ್ಕು ಬುದ್ಧಿಮಾತು ಹೇಳುವುದು ಸಮಾಜದ ರೂಢಿ. ಧೈರ್ಯ ತಗೋ, ಎಲ್ಲರ ಮನೆಯಲ್ಲೂ ಇದ್ದದ್ದೇ, ದೇವರಿದ್ದಾನೆ ಎಂಬ ಮಾತುಗಳು ಪ್ರೀತಿಯಿಂದಲೇ ಬರುತ್ತವೆ, ಆದರೆ ನೊಂದವರು ಬಾಯಿ ತೆರೆದ ಅರ್ಧಕ್ಕೇ ಅದನ್ನು ಮುಚ್ಚಿಸಿಬಿಡುತ್ತವೆ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೂ ಈ ಭಾಗದ ಜನ ಅವರ ಪ್ರವಚನಗಳಿಗೆ ಸಾವಿರಾರು ಸಂಖ್ಯೆಯಲ್ಲಿ ಸೇರಿ ಮನಸ್ಸಿಗೆ ತಂಪು ಪಡೆಯುತ್ತಿದ್ದರು, ಮತ್ತು ಅದರ ಬೆಲೆ ದೊಡ್ಡದು. ಪ್ರವಚನದಲ್ಲಿ ಒಬ್ಬರು ಹೇಳುತ್ತಾರೆ, ಸಾವಿರ ಜನ ಕೇಳುತ್ತಾರೆ. ಆಪ್ತಸಮಾಲೋಚನೆಯಲ್ಲಿ ನೊಂದ ಒಬ್ಬರು ಹೇಳುತ್ತಾರೆ, ತರಬೇತಿ ಪಡೆದ ಒಬ್ಬರು ಕೇಳುತ್ತಾರೆ. ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು.

ಹೀಗೆ ಕೇಳುವುದಕ್ಕೆ ಒಂದು ಶಿಸ್ತಿದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯಷ್ಟು ಹೊತ್ತು, ನಿಗದಿಯಾದ ಸಮಯಕ್ಕೆ ಭೇಟಿ ನಡೆಯುತ್ತದೆ. ಹೇಳಿದ್ದು ಹೊರಗೆ ಹೋಗುವುದಿಲ್ಲ, ಜೀವಕ್ಕೆ ಅಪಾಯವಿದ್ದಾಗ ಆ ನಿಯಮಕ್ಕೆ ವಿನಾಯಿತಿ ಇದೆ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಅವರು, ಹೇಳುವವರನ್ನು ತೂಗಿನೋಡದೆ ಇದ್ದಂತೆ ಒಪ್ಪಿಕೊಳ್ಳುವುದು, ಅವರ ಕಣ್ಣಿನಿಂದ ಲೋಕವನ್ನು ನೋಡಲು ಯತ್ನಿಸುವುದು, ನಟಿಸದಿರುವುದು ಎಂಬ ಮೂರು ಗುಣಗಳನ್ನು ಚಿಕಿತ್ಸಕರಿಗೆ ಅಗತ್ಯವೆಂದು ಹೇಳಿದರು. 1960ರ ದಶಕದಲ್ಲಿ ಆರನ್ ಬೆಕ್ ಅವರು ಇನ್ನೊಂದು ಹೆಜ್ಜೆ ಸೇರಿಸಿದರು: ಘಟನೆಗೂ ದುಃಖಕ್ಕೂ ನಡುವೆ ಒಂದು ವಿಚಾರ ಮಿಂಚಿಹೋಗುತ್ತದೆ, ಅದನ್ನು ಹಿಡಿದು ಪರೀಕ್ಷಿಸಿದರೆ ದುಃಖದ ಹಿಡಿತ ಸಡಿಲವಾಗುತ್ತದೆ ಎಂಬುದು ಅವರ ನಿಲುವು. ಮಗ ಪರೀಕ್ಷೆಯಲ್ಲಿ ನಪಾಸಾದಾಗ ತಂದೆಗೆ ಬರುವ ‘ಊರ ಮಂದಿಗೆ ಮಾರಿ ಹೆಂಗ ತೋರಿಸಲಿ’ ಎಂಬುದು ಇಂಥ ವಿಚಾರ. ಊರ ಮಂದಿ ಎಂದರೆ ಯಾರು ಯಾರು, ಅವರಲ್ಲಿ ಎಷ್ಟು ಜನ ನಿಜವಾಗಿ ಆಡಿಕೊಂಡರು ಎಂದು ಹೆಸರು ಹಿಡಿದು ಎಣಿಸಲು ಕುಳಿತರೆ ಆ ದೊಡ್ಡ ಗುಂಪು ಎರಡು ಮೂರು ಜನಕ್ಕೆ ಇಳಿಯುತ್ತದೆ.

ಕನ್ನಡದಲ್ಲಿ ಈ ಬಗೆಯ ಅರಿವನ್ನು ಹರಡಿದ ಪರಂಪರೆಯೂ ಇದೆ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು, ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳವರೆಗೆ ಹೋಗಿವೆ.

ಚರಗಕ್ಕೆ ಹೋಗುವಷ್ಟು ಶಕ್ತಿ

ಖಿನ್ನತೆಗೆ ಒಳಗಾದವರು ಮೊದಲು ಬಿಡುವುದು ಖುಷಿ ಕೊಡುವ ಕೆಲಸಗಳನ್ನು. ಎಳ್ಳ ಅಮಾವಾಸ್ಯೆಯ ದಿನ ಸಜ್ಜೆಯ ರೊಟ್ಟಿ, ಭಜ್ಜಿ, ಹೋಳಿಗೆಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಎಲ್ಲರೊಡನೆ ಕುಳಿತು ಉಣ್ಣುವ ಸಂಭ್ರಮಕ್ಕೂ, ಮೈ ಏಳುವುದಿಲ್ಲ, ನೀವು ಹೋಗಿ ಬನ್ನಿ ಎಂದು ಮನೆಯಲ್ಲಿ ಉಳಿಯುತ್ತಾರೆ. ಒಂಟಿಯಾಗಿ ಉಳಿದಷ್ಟು ಮನಸ್ಸು ಕುಗ್ಗುತ್ತದೆ, ಕುಗ್ಗಿದಷ್ಟು ಒಂಟಿಯಾಗುತ್ತಾರೆ. ಮನಸ್ಸು ಸರಿಯಾದ ಮೇಲೆ ಎದ್ದರಾಯಿತು ಎಂದು ಕಾಯುವುದಕ್ಕಿಂತ, ಎದ್ದು ಮಾಡಬಲ್ಲ ಅತಿ ಸಣ್ಣ ಕೆಲಸವನ್ನು ಗೊತ್ತುಮಾಡಿಕೊಂಡು ಅದರಿಂದ ಮನಸ್ಸನ್ನು ಎಬ್ಬಿಸುವುದು ಒಂದು ಪರೀಕ್ಷಿತ ಚಿಕಿತ್ಸೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಅವರ ಸಹೋದ್ಯೋಗಿಗಳು ಇದೇ ತತ್ವದ ಮೇಲೆ ಆರರಿಂದ ಎಂಟು ಭೇಟಿಗಳ ಒಂದು ಚಿಕಿತ್ಸೆಯನ್ನು ರೂಪಿಸಿ, ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರ ಕೈಯಿಂದ ಅದನ್ನು ಕೊಡಿಸಿದಾಗ, ತೀವ್ರ ಖಿನ್ನತೆ ಇದ್ದವರಲ್ಲಿಯೂ ಸ್ಪಷ್ಟ ಸುಧಾರಣೆ ಕಂಡದ್ದನ್ನು 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು.

ಆಫ್ರಿಕಾದ ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು 2006ರಲ್ಲಿ ಊರಿನ ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆಯ ಹೊರಗಿನ ಮರದ ಬೆಂಚಿನ ಮೇಲೆ ಕೂರಿಸಿದರು. ಅಲ್ಲಿನ ಶೋನಾ ಭಾಷೆಯಲ್ಲಿ ಖಿನ್ನತೆಗೆ ಹತ್ತಿರವಾದ ಪದಕ್ಕೆ ‘ಅತಿಯಾಗಿ ವಿಚಾರ ಮಾಡುವುದು’ ಎಂಬ ಅರ್ಥವಿದೆ. ‘ಬಾಳ ವಿಚಾರ ಮಾಡತಾಳ’ ಎಂದು ಸಿಂದಗಿಯ ಹೆಂಗಸರು ಹೇಳುವುದೂ ಅದನ್ನೇ. ಹಳ್ಳಿಯ ಪ್ರತಿ ಓಣಿಯನ್ನೂ ಬಲ್ಲ ಆಶಾ ಕಾರ್ಯಕರ್ತೆಯರಿಗೆ, ಅವರ ಈಗಿನ ಹೊರೆಯನ್ನು ಇಳಿಸಿ, ತಕ್ಕ ಗೌರವಧನ ಕೊಟ್ಟು, ಇಂಥ ತರಬೇತಿ ಕೊಟ್ಟರೆ ಇಲ್ಲಿಯೂ ಅದು ಸಾಧ್ಯ.

ಇಷ್ಟಾದರೂ ಮಾತಿನಿಂದಲೇ ಎಲ್ಲವೂ ವಾಸಿಯಾಗುವುದಿಲ್ಲ. ಇಲ್ಲದ ದನಿ ಕೇಳಿಸುವುದು, ವಿಪರೀತ ಸಂಶಯ, ದಿನಗಟ್ಟಲೆ ನಿದ್ದೆಯಿಲ್ಲದ ಉದ್ರೇಕ ಇದ್ದವರಿಗೆ ಮನೋವೈದ್ಯರ ಔಷಧಿ ಬೇಕೇ ಬೇಕು.

ಹೊಂದಿಕೊಳ್ಳಬಾರದ ಹೊತ್ತು

ಹೊಂದಿಕೊಂಡು ಹೋಗು ಎಂಬ ಮಾತಿಗೆ ಒಂದು ಎಲ್ಲೆ ಇದೆ. ಗಂಡ ಹೊಡೆಯುವ ಮನೆಯಲ್ಲಿ ಇಬ್ಬರನ್ನೂ ಕೂರಿಸಿ ಸಮಾಧಾನ ಮಾಡಿಸುವುದು ಚಿಕಿತ್ಸೆ ಆಗಲಾರದು, ಏಕೆಂದರೆ ಕೋಣೆಯಲ್ಲಿ ಅವಳು ಬಿಚ್ಚಿ ಹೇಳಿದ್ದಕ್ಕೆ ಮನೆಯಲ್ಲಿ ಮತ್ತೆ ಹೊಡೆತ ಬೀಳಬಹುದು. ಅಲ್ಲಿ ಮೊದಲು ಬೇಕಾದದ್ದು ಅವಳ ಮತ್ತು ಮಕ್ಕಳ ಸುರಕ್ಷತೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಹೊಡೆತದ ಜೊತೆಗೆ ಬೈಗುಳ, ಹಣ ಕೊಡದೆ ಸತಾಯಿಸುವುದನ್ನೂ ಹಿಂಸೆಯೆಂದೇ ಗುರುತಿಸುತ್ತದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಗಂಡಸರ ಸಂಕಟದ ಬಗ್ಗೆ ಇನ್ನೂ ಕಡಿಮೆ ಮಾತು ನಡೆಯುತ್ತದೆ. ಗಂಡಸು ಅಳಬಾರದೆಂದು ಕಲಿತ ರೈತನ ದುಃಖ ಸಿಟ್ಟಾಗಿ, ಸೆರೆಯಾಗಿ, ಕೊನೆಗೆ ಪೂರ್ತಿ ಮೌನವಾಗಿ ತಿರುಗುತ್ತದೆ. ರೈತ ಜೀವ ಕಳೆದುಕೊಂಡ ಮೇಲೆ ಸರ್ಕಾರ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ, ಅದಕ್ಕೆ ಮೊದಲು ಅವನ ಮಾತು ಕೇಳುವ ವ್ಯವಸ್ಥೆ ಅಷ್ಟೇ ಗಟ್ಟಿಯಾಗಿಲ್ಲ. ಬದುಕು ಬೇಡವೆನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ವಿಚಾರವನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ತಪ್ಪು; ಪ್ರೀತಿಯಿಂದ, ಒಬ್ಬರೇ ಇದ್ದಾಗ ಕೇಳಿದರೆ ಹಲವರಿಗೆ ಹೇಳಿಕೊಳ್ಳುವ ದಾರಿ ಸಿಗುತ್ತದೆ. ಬೆಳೆಗೆ ಹೊಡೆಯುವ ಔಷಧವನ್ನು ಮನೆಯಲ್ಲಿಡದೆ ಬೇರೆಡೆ ಬೀಗ ಹಾಕಿಡುವುದು, ಅಂಥ ಹೊತ್ತಿನಲ್ಲಿ ಅವರನ್ನು ಒಂಟಿಯಾಗಿ ಬಿಡದಿರುವುದು ಜೀವ ಉಳಿಸುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕೆಂದು ಹೇಳುವುದರಿಂದ, ಪೊಲೀಸರ ಭಯದಿಂದ ಚಿಕಿತ್ಸೆಗೆ ಹಿಂಜರಿಯಬೇಕಾಗಿಲ್ಲ.

ಬಾಗಿಲಿರುವ ಒಂದು ಕೋಣೆ

ಮನಸ್ಸಿನ ಚಿಕಿತ್ಸೆಯನ್ನು ಜನರ ಹತ್ತಿರ ಒಯ್ಯುವ ಒಂದು ಮುಖ್ಯ ಪ್ರಯೋಗ ನಡೆದದ್ದು ಕರ್ನಾಟಕದಲ್ಲಿಯೇ. 1985ರಲ್ಲಿ ನಿಮ್ಹಾನ್ಸ್ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿದ ಮಾದರಿಯನ್ನು ಅನುಸರಿಸಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿತು. 2014ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡು ಆಯಿತು. ಮುದ್ದೇಬಿಹಾಳದ ಹಳ್ಳಿಯೊಂದರಿಂದ ವಿಜಯಪುರಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಮತ್ತು ಇಬ್ಬರ ಬಸ್ಸಿನ ಖರ್ಚು ಎಂಬುದನ್ನು ನೆನೆದರೆ ಈ ಮಂಗಳವಾರಗಳ ಮಹತ್ವ ತಿಳಿಯುತ್ತದೆ.

ವೈದ್ಯರು ಬಂದರೂ, ಹತ್ತು ಜನ ನಿಂತ ಜಾಗದಲ್ಲಿ, ಪಕ್ಕದ ಊರಿನ ಬೀಗರು ಕೇಳಿಸಿಕೊಳ್ಳುವಂತೆ, ಗಂಡ ಮಾತು ಬಿಟ್ಟಿದ್ದಾನೆಂದು ಯಾವ ಹೆಣ್ಣುಮಗಳೂ ಹೇಳಲಾರಳು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಬಾಗಿಲು ಮುಚ್ಚಬಹುದಾದ ಒಂದು ಕೋಣೆ, ಅದರಲ್ಲಿ ಎರಡು ಕುರ್ಚಿ, ವಾರವಿಡೀ ಸಿಗುವ ಒಬ್ಬ ತರಬೇತಾದ ಆಪ್ತಸಮಾಲೋಚಕಿ, ಇಷ್ಟನ್ನು ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳ ಮುಂದೆ ಈ ನಾಲ್ಕು ತಾಲ್ಲೂಕುಗಳ ನಾಗರಿಕರು ಬೇಡಿಕೆಯಾಗಿ ಇಡಬೇಕು. ಅದು ಆಗುವವರೆಗೆ, 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕರೆಗೆ ಹಣ ಬೀಳುವುದಿಲ್ಲ.